ಮಾಸ್ತರರ ಏಕಾಂತ

ಗುದ್ಲೆಪ್ಪ ಮಾಸ್ತರರು ಊಟಕ್ಕೆ ಕೂತು, ಹೆಂಡತಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಇವತ್ತ ಪಲ್ಯಾ ಏನೈತಿ?" ಎಂದರು.

"ಬದನಿಕಾಯ್ರಿ!" ಎಂದು ಗೋಡೆಯ ಆಚೆಯಿಂದ ಉತ್ತರ ಬಂತು. "ಉಪ್ಪು ಒಂದೀಟು ಮುಂದಾಗೇತಿ. ಮಜ್ಜಿಗಿ ಕೂಡ ಉಣ್ರಿ."

ಉತ್ತರ ಕೊಟ್ಟವಳು ಪಕ್ಕದ ಮನೆಯ ಫಕ್ಕೀರವ್ವ. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಸೂರಿನ ತನಕ ಏರದೆ ಅರ್ಧಕ್ಕೇ ನಿಂತ ಗೋಡೆ. ಮಾಸ್ತರರ ಮನೆಯ ಜಗಳ, ಗುಟ್ಟು, ಗೊರಕೆ ಎಲ್ಲವೂ ಅದನ್ನು ಹಾರಿ ಹೋಗಿ, ಊರೆಲ್ಲ ತಿರುಗಿ ಸಂಜೆಗೆ ವಾಪಸು ಬರುತ್ತಿದ್ದವು. ಮಾಸ್ತರರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ನಿರ್ಧಾರ ಮಾಡಿದರು. ಅಡವಿಗೆ ಹೋಗಿ ಒಬ್ಬರೇ ಇರಬೇಕು.

ಈ ಆಸೆ ಹೊಸದಲ್ಲ. ತಡಸದ ಹತ್ತಿರದ ಆ ಹಳ್ಳಿಯಲ್ಲಿ ನಲವತ್ತಾರು ವರ್ಷ ಬಾಳಿದ ಅವರಿಗೆ ಒಂದು ತಾಸು ಒಬ್ಬರೇ ಇದ್ದ ನೆನಪಿರಲಿಲ್ಲ. ಬೆಳಿಗ್ಗೆ ಚರಿಗೆ ಹಿಡಿದು ಬಯಲಿಗೆ ಹೊರಟರೂ ಮಾತಿಗೆಂದು ನಾಲ್ಕು ಮಂದಿ ಜೊತೆಯಾಗುತ್ತಿದ್ದರು. ಮನೆಯಲ್ಲಿ ಮುದಿ ತಾಯಿ, ನಾಲ್ಕು ಮಕ್ಕಳು. ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಪುರಾಣ ಓದುವಾಗ ಅಡವಿಯ ಋಷಿಗಳು ಬಂದರೆ ಸಾಕು, ಮಾಸ್ತರರ ಕಣ್ಣು ತೇವವಾಗುತ್ತಿತ್ತು. ಋಷಿ ಕಣ್ಣು ಮುಚ್ಚಿ ಕೂತರೆ ಜಿಂಕೆ ಬಂದು ಪಾದ ನೆಕ್ಕುತ್ತಿತ್ತಂತೆ. ಪಲ್ಯದ ಉಪ್ಪಿನ ವಿಚಾರವನ್ನು ಯಾವ ಜಿಂಕೆಯೂ ಎತ್ತುತ್ತಿರಲಿಲ್ಲ.

ಅದು ಮೂವತ್ತೆಂಟನೆಯ ಇಸವಿ, ಶಾಲೆಗೆ ದೀಪಾವಳಿಯ ಸೂಟಿ. ಮರುದಿನ ನಸುಕಿನಲ್ಲೇ ಎದ್ದು ಹೆಂಡತಿ ಸರೋಜವ್ವನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು. "ನಾ ಅಡವ್ಯಾಗ ಇರಾಕ ಹೊಂಟೇನಿ. ಸೂಟಿ ಮುಗಿಯೂತನಕ. ಒಗ್ಗಿದರ ಕಡೀತನಕ. ಯಾರಿಗೂ ಹೇಳಬ್ಯಾಡ."

ಅವಳು ಅತ್ತರೆ ಇರಲಿ ಎಂದು ಸಮಾಧಾನದ ನಾಲ್ಕು ಮಾತನ್ನೂ ಸಿದ್ಧ ಮಾಡಿಕೊಂಡಿದ್ದರು. ಸರೋಜವ್ವ ಒಳಗೆ ಹೋಗಿ, ಹತ್ತು ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ ಕಟ್ಟಿ ತಂದು, "ಹುಷಾರ್ರಿ, ಹಾವು ಹುಳಾ ಇರ್ತಾವ" ಎಂದಳು. ಅಷ್ಟೇ. ಮಾಸ್ತರರಿಗೆ ಸ್ವಲ್ಪ ಬೇಜಾರೇ ಆಯಿತು.

ಅಡವಿಯಲ್ಲಿ ಹಳ್ಳದ ದಂಡೆಗೆ ಒಂದು ಮರ ನೋಡಿ, ನಾಲ್ಕು ಗಳ ಹುಗಿದು, ಸೊಪ್ಪು ಹೊದಿಸಿ ಗುಡಿಸಲು ಎಬ್ಬಿಸಿದರು. ಪದ್ಮಾಸನ ಹಾಕಿ ಜಿಂಕೆಗಾಗಿ ಕಾದರು. ಬಂದದ್ದು ಕೆಂಪಿರುವೆ. ಅದೂ ಪಾದಕ್ಕೇ ಬಂತು, ಆದರೆ ನೆಕ್ಕಲಿಲ್ಲ. ಅವರು ಎದ್ದು ಕುಣಿಯುವಷ್ಟರಲ್ಲಿ ಒಂದು ಮಂಗ ಚಟ್ನಿಯ ಗಂಟನ್ನು ಎತ್ತಿಕೊಂಡು ಹೋಯಿತು. ಆದರೂ ಸುತ್ತಲೂ ಒಂದು ನರಪಿಳ್ಳೆಯೂ ಇರಲಿಲ್ಲ. ಆಹಾ ಎನ್ನಿಸಿತು. ಹತ್ತು ಗಂಟೆಗೆ ಮಾಸ್ತರರಿಗೆ ಏಕಾಂತ ಸಿಕ್ಕಿತು. ಹತ್ತೂವರೆಗೆ ಅದನ್ನು ಯಾರಿಗಾದರೂ ಹೇಳಬೇಕೆಂದು ನಾಲಿಗೆ ತುರಿಸತೊಡಗಿತು.

ಆಗ ಬಂಡಿಯ ಗಾಲಿಯ ಸಪ್ಪಳ ಕೇಳಿತು. ಬಂಡಿಯ ಮೇಲೆ ಸಾಮಾನು, ಸಾಮಾನಿನ ಮೇಲೆ ಕೋಳಿಬುಟ್ಟಿ, ಮುಂದೆ ಊರಿನ ಬಂಡಿ ಹೊಡೆಯುವ ಮಲ್ಲಿಕಸಾಬ.

"ಮಾಸ್ತರ್ರ, ಜಾಗಾ ಭಾಳ ಚಲೋ ಹಿಡಿದೀರಿ. ನೀರೂ ಹತ್ರ, ನೆಳ್ಳೂ ಐತಿ."

"ಮಲ್ಲಿಕಸಾಬ, ನೀ ಯಾಕ ಬಂದಿ?"

"ನೀವು ಯಾಕ ಬಂದ್ರಿ? ನಾನೂ ಅದಕ್ಕ ಬಂದೇನಿ."

ಅವನ ಹಿಂದೆ ಇನ್ನೊಂದು ಬಂಡಿ. ಅದರ ಹಿಂದೆ ಇಪ್ಪತ್ತು. ಮಧ್ಯಾಹ್ನದೊಳಗೆ ಊರಿಗೆ ಊರೇ ಹಳ್ಳದ ದಂಡೆಗೆ ಬಂದು ಇಳಿಯಿತು. ಊರ ಗೌಡ ಚನ್ನವೀರಪ್ಪನವರು ತಲೆಯ ಪಟಗ ಸರಿಮಾಡಿಕೊಂಡು ಮುಂದೆ ಬಂದರು.

"ಮಾಸ್ತರ್ರ, ಊರಿಗೆ ಅಕ್ಷರಾ ಕಲಿಸಿದೋರು ನೀವು. ಮನ್ಯಾಗ ಇಲಿ ಬಿದ್ದದ್ದನ್ನ ಮುಚ್ಚಿಟ್ಟು ಒಬ್ರ ಪಾರಾಗೂದಂದ್ರ ಏನ್ರಿ?"

ಮಾಸ್ತರರಿಗೆ ಆಗ ಅರ್ಥವಾಯಿತು. ಆ ಕಾಲದಲ್ಲಿ ನಮ್ಮ ಕಡೆ ಪ್ಲೇಗು ಬೀಗರ ಹಾಗೆ ವರ್ಷಕ್ಕೊಮ್ಮೆ ಬಂದು ಹೋಗುತ್ತಿತ್ತು. ಒಂದು ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಮುಗಿಯಿತು, ಇಡೀ ಊರು ಮನೆ ಬಿಟ್ಟು ಅಡವಿಯಲ್ಲಿ ಗುಡಿಸಲು ಹಾಕಬೇಕು. ನಸುಕಿನಲ್ಲಿ ಗಂಟು ಹೊತ್ತು ಅಡವಿಯ ದಾರಿ ಹಿಡಿದವನಿಗೆ ಬೇರೆ ಕಾರಣ ಇರಬಹುದೆಂದು ಯಾರಿಗೂ ಹೊಳೆಯುವಂತಿರಲಿಲ್ಲ.

"ದೇವರಾಣಿ ಗೌಡ್ರ, ಇಲಿ ಬಿದ್ದಿಲ್ಲ! ನಾ ಒಬ್ನ ಇರಾಕಂತ ಬಂದೇನಿ."

"ಒಬ್ರನ? ಮನ್ಯಾಗ ಜಗಳಾ ಆತೇನು?"

"ಇಲ್ರಿ."

"ಸನ್ಯಾಸಾ ತಗೊಂಡ್ರೇನು?"

"ಇಲ್ರಿ."

"ಮತ್ತ ಒಬ್ರ ಕುಂತು ಏನ ಮಾಡ್ತೀರಿ?"

"ಏನೂ ಇಲ್ಲ. ಸುಮ್ನ ಇರ್ತೇನಿ."

ಗೌಡರು ಜನರ ಕಡೆ ತಿರುಗಿ ದನಿ ತಗ್ಗಿಸಿದರು. "ಜ್ವರಾ ತಲಿಗೇರೇತಿ." ಮರುಕ್ಷಣ ನಾಲ್ಕು ಜನ ಮಾಸ್ತರರ ಕೈ ಮೇಲೆತ್ತಿ ಹಿಡಿದರು, ಗೌಡರು ಪ್ಲೇಗಿನ ಗಡ್ಡೆ ಇದೆಯೋ ಎಂದು ಬಗಲಲ್ಲಿ ಬೆರಳಾಡಿಸಿದರು. ಮಾಸ್ತರರು ಕಚಗುಳಿ ತಡೆಯಲಾಗದೆ ಖೊಳ್ಳನೆ ನಕ್ಕರು. ಗಡ್ಡೆ ಸಿಗಲಿಲ್ಲ. ತಾವೇ ಇದೆ ಎಂದಿದ್ದರೆ ಈ ಜನವೆಲ್ಲ ದಿಕ್ಕಾಪಾಲಾಗಿ ಓಡಿ ಅಡವಿ ತಮ್ಮದಾಗುತ್ತಿತ್ತೆಂದು ಅವರಿಗೆ ಹೊಳೆದದ್ದು ಆಮೇಲೆ.

ಸಂಜೆಯೊಳಗೆ ಓಣಿಯ ಲೆಕ್ಕದಲ್ಲೇ ಗುಡಿಸಲುಗಳೆದ್ದವು. ಯಾರ ಪಕ್ಕ ಯಾರೋ ಅವರ ಪಕ್ಕ ಅವರೇ. ಫಕ್ಕೀರವ್ವ ಮಾಸ್ತರರ ಗುಡಿಸಲಿಗೆ ಒತ್ತಿ ತನ್ನ ತಟ್ಟಿ ಕಟ್ಟಿಸಿ, "ಬ್ಯಾರೇದೋರು ಬಂದ್ರ ನಿಮಗ ಬ್ಯಾಸರಾಗ್ತೈತಿ" ಎಂದಳು. ತಾಯಿ ವೀರವ್ವ ಮೊಮ್ಮಕ್ಕಳೊಂದಿಗೆ ಬಂದಿಳಿದು ಪದ್ಮಾಸನದ ಜಾಗದಲ್ಲೇ ಒಲೆ ಹೂಡಿದಳು. ಸೊಸೆ ಹಿಂದಿನ ಬಂಡಿಗೆ ಬರುತ್ತಾಳೆ ಎಂದಳು. ಹಿಂದಿನ ಬಂಡಿ ಬಂತು, ಸರೋಜವ್ವ ಬರಲಿಲ್ಲ.

ಮಾಸ್ತರರು ಇಲಿ ಬಿದ್ದಿಲ್ಲ, ಬಿದ್ದಿಲ್ಲ ಎಂದು ಒದರಿ ಒದರಿ ಗಂಟಲು ಕಟ್ಟಿದ ಮೇಲೆ ಗೌಡರಿಗೂ ಸಂಶಯ ಬಂತು. "ಹಂಗಾದ್ರ ನೀವ ಹೋಗಿ ಮನಿ ನೋಡ್ಕೊಂಡು ಬರ್ರಿ. ನಿಮ್ಮ ಮಾತು ನಂಬ್ತೇವಿ. ಇಲಿ ಇಲ್ಲ ಅಂದ್ರ ಈಗಿಂದೀಗ ಬಂಡಿ ಹೂಡಿ ಊರಿಗೆ ಹೋಗ್ತೇವಿ. ನೀವು ಬೇಕಾದ್ರ ಇಲ್ಲೇ ಒಬ್ರ ಇರ್ರಿ."

ಮಾಸ್ತರರು ಓಡಿದಂತೆ ನಡೆದರು. ಇನ್ನೊಂದೆರಡು ತಾಸು, ಅಡವಿ ಅವರದು.

ಊರು ಬಿಕೋ ಎನ್ನುತ್ತಿತ್ತು. ಒಂದು ನಾಯಿಯೂ ಬೊಗಳಲಿಲ್ಲ. ತಮ್ಮ ಮನೆಯ ಬಾಗಿಲು ತಳ್ಳಿದರೆ, ಪಡಸಾಲೆಯ ನಟ್ಟನಡುವೆ ಸರೋಜವ್ವ ಕಂಬಕ್ಕೆ ಒರಗಿ, ಕಾಲು ನೀಡಿ, ಚಾ ಕುಡಿಯುತ್ತ ಕೂತಿದ್ದಳು.

"ಯಾಕ ಬಂದ್ರಿ?"

"ನೀ ಇಲ್ಲಿ ಏನ ಮಾಡಾಕತ್ತಿ?"

"ಏನೂ ಇಲ್ರಿ. ಸುಮ್ನ ಕುಂತೇನಿ."

"ಅಲ್ಲಿ ಮಂದಿ ನಮ್ಮ ಮನ್ಯಾಗ ಇಲಿ ಬಿದ್ದೈತಿ ಅಂತ..."

"ಅದು ನಾನ ಹೇಳಿದ್ದು," ಎಂದಳು ಸರೋಜವ್ವ ಬಟ್ಟಲು ಕೆಳಗಿಡದೆ. "ಫಕ್ಕೀರವ್ವನ ಕಿವ್ಯಾಗ ಹೇಳಿ, ಯಾರಿಗೂ ಹೇಳಬ್ಯಾಡ ಅಂದೆ. ಅಷ್ಟ ಸಾಕಾತು."

ಮಾಸ್ತರರು ಹೊಸ್ತಿಲ ಮೇಲೇ ಕುಕ್ಕರಿಸಿದರು.

"ಈ ಮನಿಗೆ ಬಂದು ಇಪ್ಪತ್ತೆರಡು ವರ್ಷ ಆತ್ರಿ. ಒಂದು ದಿನಾ ಇಲ್ಲಿ ಒಬ್ಬಾಕಿನ ಕುಂತಿಲ್ಲ. ನೀವು ಅಡವಿಗೆ ಹೊಂಟೇನಿ ಅಂದ್ರಿ. ನನಗೂ ಹಂಗ ಅನಸ್ತು. ಆದ್ರ ಹೆಂಗಸು ಗಂಟು ಹೊತ್ತು ಹೊಂಟ್ರ ಊರು ಬಿಡ್ತೈತೇನು? ನಾ ಹೋಗಾಕ ಆಗಲಿಲ್ಲ, ಅದಕ್ಕ ಊರನ್ನ ಕಳಿಸಿದೆ."

ಬೈಯಬೇಕೆಂದು ಮಾಸ್ತರರು ಅವಳ ಮುಖ ನೋಡಿದರು. ಅವಳು ಹೀಗೆ ಕಾಲು ನೀಡಿ ಕೂತದ್ದನ್ನು ತಾವು ನೋಡಿಯೇ ಇಲ್ಲವೆಂಬುದು ಆಗ ತಿಳಿಯಿತು. ಅವರಿಗೆ ನಾಚಿಕೆಯಾಯಿತು.

"ನಾನೂ ಒಂದು ಮೂಲ್ಯಾಗ ಕುಂತಿರ್ತೇನಿ. ಮಾತಾಡೂದಿಲ್ಲ."

"ನೀವು ಸುಮ್ನ ಕುಂತ್ರೂ ಸಪ್ಪಳ ಆಗ್ತೈತ್ರಿ. ಘಳಿಗೀಗೊಮ್ಮೆ ನೀರು ಅಂತೀರಿ, ಹಸಿವು ಅಂತೀರಿ. ಹೋಗೂವಾಗ ಬಾಗಲಾ ಮುಂದ ಮಾಡ್ಕೊಂಡು ಹೋಗ್ರಿ."

ಮಾಸ್ತರರು ಬಾಗಿಲು ಎಳೆದು ಮುಂದೆ ಮಾಡಿ, ಮೆಲ್ಲಗೆ ಅಡವಿಗೆ ಮರಳಿದರು. ದೀಪ ಹಚ್ಚುವ ಹೊತ್ತು. ಎತ್ತುಗಳನ್ನು ಆಗಲೇ ನೊಗಕ್ಕೆ ತಂದು ನಿಲ್ಲಿಸಿದ್ದರು. ಊರೆಲ್ಲ ಅವರ ಬಾಯಿಯನ್ನೇ ನೋಡುತ್ತಿತ್ತು.

"ಏನಾತ್ರಿ?" ಎಂದರು ಗೌಡರು.

ಇಲ್ಲ ಎಂಬ ಎರಡಕ್ಷರ ಹೇಳಿದರೆ ಸಾಕಿತ್ತು. ಅಡವಿ, ಹಳ್ಳ, ಬಾರದೆ ಉಳಿದ ಜಿಂಕೆ ಎಲ್ಲವೂ ಅವರದಾಗುತ್ತಿತ್ತು. ಮಾಸ್ತರರು ಒಮ್ಮೆ ಊರಿನ ದಾರಿಯತ್ತ ತಿರುಗಿ ನೋಡಿದರು.

"ಒಂದಲ್ಲ ಗೌಡ್ರ, ಎರಡು ಬಿದ್ದಾವ. ನಮ್ಮಾಕಿನ್ನ ಬಂಕಾಪುರಕ್ಕ ತವರಿಗೆ ಕಳಿಸಿ ಬಂದೇನಿ. ಊರ ಕಡೆ ಯಾರೂ ಸುಳೀಬ್ಯಾಡ್ರಿ."

ಗೌಡರು ಎತ್ತು ಬಿಚ್ಚಿಸಿದರು. "ಹಂಗಾದ್ರ ಎರಡು ತಿಂಗಳು ಇಲ್ಲೇ ಮುಕ್ಕಾಮು. ಈ ಹುಡುಗ್ರನ್ನ ಅಡವ್ಯಾಗ ಬಿಟ್ರ ಹ್ಯಾಂಗ? ಮಾಸ್ತರ್ರ, ಸೂಟಿ ರದ್ದು. ನಾಳಿಂದ ನಿಮ್ಮ ಗುಡಿಸಲದಾಗ ಸಾಲಿ ಚಾಲೂ ಮಾಡ್ರಿ."

ಹುಡುಗರು ಗೊಳೋ ಎಂದು ಅತ್ತರು. ಮಾಸ್ತರರಿಗೂ ಅಳು ಬಂತು. ಆದರೆ ಊರ ಮಾಸ್ತರರು ಅಳಬೇಕಾದರೆ ಒಬ್ಬರೇ ಇರಬೇಕು.