ಓಸ್ಮಾರ್ ಮಲಗಿದ್ದ ಅರಮನೆ

ಗಂಡ ಸತ್ತ ಮೇಲೆ ಜುರೆಮಾಗೆ ಉಳಿದ ಆಸೆ ಒಂದೇ ಒಂದು. ಅವನು ಮಲಗುತ್ತಿದ್ದ ಅರಮನೆ ಹೋಟೆಲಿನಲ್ಲಿ ತಾನೂ ಒಂದು ಸಲ ಮಲಗಿ ಏಳಬೇಕು. ಆಸೆಯೇನೋ ಸಣ್ಣದೇ. ಆದರೆ ಹೋಟೆಲು ಸಣ್ಣದಲ್ಲವಲ್ಲ! ಅಳಿಯ ಜೆನಿಲ್ಸನ್ ಅದರ ಬಾಡಿಗೆಯನ್ನು ಫೋನಿನಲ್ಲಿ ನೋಡಿದ, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ, ಮತ್ತೆ ನೋಡಿದ. ಕನ್ನಡಕದ ತಪ್ಪಾಗಿರಲಿಲ್ಲ.

"ಅತ್ತೇ, ಇದು ರೂಮಿನ ಬಾಡಿಗೇನಾ, ಇಲ್ಲಾ ಹೋಟೆಲನ್ನೇ ಮಾರ್ತಿದ್ದಾರಾ?"

ಜುಲೈ ತಿಂಗಳ ಶಾಲೆ ರಜೆ. ಮೊಮ್ಮಗಳು ತಾಯ್ಸಾಳನ್ನು ಸಮುದ್ರದ ದಡದ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ತಮ್ಮೂರು ಪೊಂತಾ ಗ್ರೋಸ್ಸಾದಿಂದ ಘಟ್ಟ ಇಳಿದರೆ ಸಮುದ್ರ, ಸಮುದ್ರ ಸಿಕ್ಕಿದರೆ ಪಾರ್ಕು. ಹೋಗುವುದು ಕಷ್ಟವಲ್ಲ, ಉಳಿಯುವುದೇ ಕಷ್ಟ. ಜೆನಿಲ್ಸನ್ ಪಾರ್ಕಿನ ಹಿಂದಿನ ರಸ್ತೆಯಲ್ಲಿ ಎರ್ತಾ ಎಂಬ ಹೆಂಗಸಿನ ಲಾಡ್ಜು ಹುಡುಕಿಟ್ಟಿದ್ದ.

"ಹಾಸಿಗೆ ಇದೆ, ಬಿಸಿನೀರಿದೆ, ಬೆಳಗ್ಗೆ ತಿಂಡಿ ಇದೆ. ಮಲಗಿದ ಮೇಲೆ ಕಣ್ಣು ಮುಚ್ಚೋದೇ ತಾನೇ? ಮುಚ್ಚಿದ ಕಣ್ಣಿಗೆ ಅರಮನೆ ಆದ್ರೇನು, ಲಾಡ್ಜಾದ್ರೇನು?"

"ಹಂಗಾದ್ರೆ ನೀನು ಬಸ್‌ಸ್ಟ್ಯಾಂಡಲ್ಲಿ ಮಲಕ್ಕೋ. ಅಲ್ಲಿ ಇನ್ನೂ ಅಗ್ಗ," ಎಂದಳು ಜುರೆಮಾ.

"ಉಳಿದು ಬಂದವರು ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ, 'ನಮ್ಮ ಮನೆ ಥರಾನೇ ಇದೆ' ಅಂತ."

"ಮನೆ ಥರ ಇರೋ ಕಡೆ ಇರೋದಕ್ಕೆ ಮನೆ ಬಿಟ್ಟು ಯಾಕೆ ಹೋಗ್ಬೇಕು?"

ಮಗಳು ಇವೋನೆ ಗಂಡನ ಕಡೆ ಒಮ್ಮೆ, ತಾಯಿಯ ಕಡೆ ಒಮ್ಮೆ ನೋಡಿ, ಒಲೆಯ ಮೇಲಿನ ಹಾಲು ಉಕ್ಕಿತೆಂದು ಎದ್ದುಹೋದಳು. (ಒಲೆಯ ಮೇಲೆ ಹಾಲೇ ಇರಲಿಲ್ಲ.)

ಅರಮನೆಯ ಕಥೆ ಹಳೆಯದು. ಓಸ್ಮಾರ್ ಪ್ರವಾಸದ ಬಸ್ಸಿನ ಡ್ರೈವರು. ಶಾಲೆಯ ಮಕ್ಕಳು, ಚರ್ಚಿನ ಹೆಂಗಸರು, ಯಾರು ಪಾರ್ಕಿಗೆ ಹೊರಟರೂ ಅವನದೇ ಬಸ್ಸು. ಬಸ್ಸು ತುಂಬ ಜನ ತಂದ ಡ್ರೈವರಿಗೆ ಬಿಟ್ಟಿ ಹಾಸಿಗೆ ಕೊಡುವುದು ಆ ಕಡೆಯ ಪದ್ಧತಿ. ಮೊದಲನೆಯ ಸಲ ಹೋಗಿ ಬಂದಾಗ ಜುರೆಮಾ ಬೇಲಿಯ ಹತ್ತಿರ ನಿಂತು, ಎಲ್ಲಿ ಮಲಗಿದ್ದೆ ಎಂದು ಕೇಳಿದಳು. ಪಾರ್ಕಿನ ಹತ್ತಿರವೇ ಎಂದ ಓಸ್ಮಾರ್. ಜುರೆಮಾ ಪಾರ್ಕಿನ ಜಾಹೀರಾತಿನಲ್ಲಿ ಬಾವುಟ ಹಾರಿಸಿಕೊಂಡು ನಿಂತ ಗೋಪುರದ ಹೋಟೆಲನ್ನು ನೋಡಿದ್ದಳು. ಬೇಲಿಯ ಆಚೆ ನೆರೆಮನೆಯ ಕ್ಲೇಯ್ಡೆ ಬಟ್ಟೆ ಒಣಹಾಕುತ್ತಿದ್ದಳು. ಇನ್ನೇನು ಬೇಕು?

"ಕೇಳಿದ್ಯೇನೇ ಕ್ಲೇಯ್ಡೆ? ನಮ್ಮನೆಯವ್ರಿಗೆ ಅರಮನೇಲಿ ಬಿಟ್ಟಿ ರೂಮು ಕೊಟ್ಟಿದ್ರಂತೆ!"

ಓಸ್ಮಾರ್ ಏನೋ ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ತೆರೆದ ಬಾಯಿಯಲ್ಲಿ ಒಂದು ಆಕಳಿಕೆ ತೆಗೆದು ಮುಚ್ಚಿದ.

ಅಂದಿನಿಂದ ಅವನು ಪ್ರತಿ ಸಲ ಬಂದಾಗಲೂ ಮೊದಲು "ಕಾಲೊರೆಸು!" ಎಂಬ ಅಪ್ಪಣೆಯಾಗುತ್ತಿತ್ತು. (ಜುರೆಮಾಳ ಬಾಗಿಲಲ್ಲಿ ಕಾಲೊರೆಸದೆ ಪಾದ್ರಿಯೂ ಒಳಗೆ ಬಂದವರಲ್ಲ.) ಆಮೇಲೆ ಅರಮನೆಯ ಸಮಾಚಾರ. ಅವನು ಹೇಳುತ್ತಿದ್ದುದು ಸ್ವಲ್ಪವೇ. ಈಜುಕೊಳ ಹುರುಳಿಕಾಳಿನ ಹಾಗೆ ಬಾಗಿದೆ. ಸಂಜೆ ಗೋಪುರದ ದೀಪಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ತಿಂಡಿಗೆ ಜೋಳದ ಹಿಟ್ಟಿನ ಕೇಕು. ತಿಂಡಿಮನೆಯಲ್ಲಿ ಒಂದು ಗಿಳಿ ಇದೆ, ಬಂದವರನ್ನೆಲ್ಲ ಬಯ್ಯುತ್ತದೆ.

"ಏನಂತ ಬಯ್ಯುತ್ತೆ?"

"ಹೆಂಗಸ್ರ ಮುಂದೆ ಹೇಳೋ ಮಾತಲ್ಲ ಬಿಡು."

"ಹಾಸಿಗೆ ಹೆಂಗಿದೆ?"

"ನಡುವೆ ತಗ್ಗು. ಥೇಟ್ ನಮ್ಮ ಮನೇದರ ಹಂಗೇ. ಅದಕ್ಕೇ ನಿದ್ದೆ ಬರುತ್ತೆ."

ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ಈ ತಗ್ಗಿಗೂ ಒಂದು ಘನತೆ ಬಂದುಬಿಡುತ್ತಿತ್ತು. ಶ್ರೀಮಂತರ ಹಾಸಿಗೆ ಮೈಗೆ ತಕ್ಕಂತೆ ತಗ್ಗಾಗುತ್ತದೆ, ನಮ್ಮನಿಮ್ಮಂಥವರಿಗೆ ಅದೆಲ್ಲ ತಿಳಿಯುವುದಿಲ್ಲ ಎಂದು ಜುರೆಮಾ ಕ್ಲೇಯ್ಡೆಗೆ ವಿವರಿಸುತ್ತಿದ್ದಳು.

ಅರಮನೆಯ ಊಟ ಎಷ್ಟೇ ರುಚಿಯಾಗಿರಲಿ, ಜುರೆಮಾ ಒಂದು ಸಲವೂ ಬುತ್ತಿ ಕಟ್ಟದೆ ಕಳಿಸಿದವಳಲ್ಲ. ನೀಲಿ ಮುಚ್ಚಳದ ದೊಡ್ಡ ಡಬ್ಬಿ. ಅದರಲ್ಲಿ ಸುಟ್ಟ ಕೋಳಿ, ಜೊತೆಗೆ ಫರೋಫಾ. ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು, ಈರುಳ್ಳಿ ಹಾಕಿ ಉದುರುದುರಾಗಿ ಮಾಡುವುದು, ಎಲ್ಲರೂ ಮಾಡುತ್ತಾರೆ. ಜುರೆಮಾ ಅದಕ್ಕೆ ತಮ್ಮ ಕಡೆಯ ಗುಡ್ಡದ ಪಿನ್ಯಾವ್ ಬೀಜವನ್ನು ಬೇಯಿಸಿ, ಜಜ್ಜಿ ಹಾಕುತ್ತಿದ್ದಳು. ಡಬ್ಬಿ ಯಾವಾಗಲೂ ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿತ್ತು.

ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚೆ, ಬಸ್ಸಿನ ಗಾಜು ಒರೆಸುತ್ತಿದ್ದ ಓಸ್ಮಾರ್ ಚಕ್ರಕ್ಕೆ ಒರಗಿ ಕುಳಿತ. ಆಮೇಲೆ ಏಳಲಿಲ್ಲ. ಅರ್ಧ ಗಾಜು ಒರೆಸಿಯಾಗಿತ್ತು.

ಹೀಗಾಗಿ ಅರಮನೆಯ ವಿಷಯದಲ್ಲಿ ಜುರೆಮಾ ಸೋಲುವ ಪ್ರಶ್ನೆಯೇ ಇರಲಿಲ್ಲ. ಹೊಸ ಫ್ರಿಜ್ಜಿಗೆಂದು ಎತ್ತಿಟ್ಟಿದ್ದ ಹಣ ತಂದು ಅಳಿಯನ ಮುಂದೆ ಇಟ್ಟಳು. ಹಳೆಯ ಫ್ರಿಜ್ಜಿನ ಬಾಗಿಲನ್ನು ಇನ್ನೊಂದು ವರ್ಷ ಹಗ್ಗದಲ್ಲಿ ಕಟ್ಟಿದರಾಯಿತು, ಅದೇನು ಓಡಿಹೋಗುತ್ತದೆಯೇ?

"ಆ ಲಾಡ್ಜಿನವಳಿಗೆ ಹೇಳ್ಬಿಡು, ನಮ್ಮ ಮರ್ಯಾದೆಗೆ ಅದು ತಕ್ಕದ್ದಲ್ಲ ಅಂತ," ಎಂದಳು. ಜೆನಿಲ್ಸನ್ ಪಾಪ, ಹಾಗೆಯೇ ಹೇಳಿದ.

ಹೊರಡುವ ದಿನ ಇನ್ನೊಂದು ಯುದ್ಧವಾಯಿತು. ನೀಲಿ ಡಬ್ಬಿ ಜುರೆಮಾಳ ತೊಡೆಯ ಮೇಲಿತ್ತು.

"ಅತ್ತೇ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಡಬ್ಬಿ ಬಿಟ್ಟು ಬನ್ನಿ. ಅಲ್ಲಿ ಎಲ್ರೂ ನಮ್ಮನ್ನ ಫರೋಫಾ ಗಿರಾಕಿಗಳು ಅಂತಾರೆ!" (ಘಟ್ಟದ ಮೇಲಿನಿಂದ ಕೋಳಿ, ಫರೋಫಾ ಕಟ್ಟಿಕೊಂಡು ಇಳಿದು ಬರುವ ಬಡವರಿಗೆ ಸಮುದ್ರದವರು ಇಟ್ಟ ಹೆಸರು ಅದು.)

"ಅಂದ್ಕೊಳ್ಲಿ. ಅನ್ನೋ ಬಾಯಿಗೂ ಒಂದು ಹಿಡಿ ಹಾಕ್ತೀನಿ."

ಹೋಟೆಲಿನ ಬಾಗಿಲಲ್ಲಿ ಹೊರಗಿನ ಊಟ ಒಳಗೆ ತರಬಾರದು ಎಂದು ಬರೆದಿತ್ತು. ಜುರೆಮಾ ಅದನ್ನು ಓದಿಯೂ ಓದದವಳಂತಿದ್ದಳು. ಡಬ್ಬಿಯನ್ನು ಕೋಟಿನೊಳಗೆ ಇಟ್ಟುಕೊಂಡು, ತುಂಬು ಬಸುರಿಯ ಹಾಗೆ ಹಿಂದಕ್ಕೆ ಬಾಗಿ ನಡೆದು ಹೋದಳು. ಬಾಗಿಲು ಕಾಯುವವನು ಆ ವಯಸ್ಸು ನೋಡಿ ಗಾಬರಿಯಾಗಿ ದಾರಿ ಬಿಟ್ಟ.

ರೂಮಿಗೆ ಹೋದವಳೇ ಮೊದಲು ಹಾಸಿಗೆ ಮುಟ್ಟಿ ನೋಡಿದಳು. ಎಡಕ್ಕೆ ಮಲಗಿದಳು, ಬಲಕ್ಕೆ ಮಲಗಿದಳು, ನಡುವೆ ಮಲಗಿದಳು. ಹಾಸಿಗೆ ಚಪ್ಪಡಿ ಕಲ್ಲಿನಷ್ಟು ಸಮ. ಮಗಳು, ಅಳಿಯ, ಮೊಮ್ಮಗಳು ಈಜುಕೊಳಕ್ಕೆ ಇಳಿದದ್ದೇ ತಡ, ಜುರೆಮಾ ಕೆಳಗೆ ಹೋಗಿ ಮೇಜಿನ ಹಿಂದೆ ನಿಂತಿದ್ದ ಹುಡುಗಿಯನ್ನು ಹಿಡಿದಳು.

"ಮಗಳೇ, ನಮ್ಮ ಹಾಸಿಗೇಲಿ ತಗ್ಗೇ ಇಲ್ಲ."

"ತುಂಬಾ ಸಂತೋಷ, ಸೆನ್ಯೋರಾ."

"ಸಂತೋಷ ಯಾಕೆ? ನಾನು ದೂರು ಹೇಳ್ತಿದ್ದೀನಿ. ತಗ್ಗಿರೋ ಹಾಸಿಗೆ ಎಲ್ಲಿ ಹೋಯ್ತು? ಬದಲಾಯಿಸಿಬಿಟ್ರಾ?"

ಹುಡುಗಿ ನಗುವುದನ್ನು ಕಲಿತಿದ್ದಳು, ಇದಕ್ಕೆ ಉತ್ತರ ಕಲಿತಿರಲಿಲ್ಲ. ಆದ್ದರಿಂದ ನಕ್ಕಳು.

"ಹೋಗ್ಲಿ, ಗಿಳಿ ಎಲ್ಲಿ?"

"ಯಾವ ಗಿಳಿ, ಸೆನ್ಯೋರಾ?"

"ಬಂದವ್ರನ್ನ ಬಯ್ಯೋ ಗಿಳಿ."

"ಇಲ್ಲಿ ಅತಿಥಿಗಳನ್ನ ಯಾರೂ ಬಯ್ಯೋದಿಲ್ಲ."

"ಅದೂ ಸತ್ತುಹೋಯ್ತೇನೋ." ಜುರೆಮಾಳ ಧ್ವನಿ ಇಳಿಯಿತು. "ಡ್ರೈವರುಗಳಿಗೆ ಕೊಡ್ತೀರಲ್ಲ, ಆ ರೂಮನ್ನಾದ್ರೂ ತೋರ್ಸಮ್ಮ. ನಮ್ಮ ಮನೆಯವ್ರು ಅಲ್ಲೇ ಮಲಗ್ತಿದ್ದಿದ್ದು."

"ಡ್ರೈವರುಗಳಾ?" ಹುಡುಗಿಯ ಕಲಿತ ನಗು ಹೋಗಿ, ನಿಜವಾದ ಕನಿಕರ ಬಂತು. "ಇಲ್ಲಿ ಡ್ರೈವರುಗಳು ಯಾವತ್ತೂ ಉಳ್ಕೊಂಡಿಲ್ಲ, ಅಜ್ಜೀ. ಅವ್ರೆಲ್ಲ ಹಿಂದಿನ ರಸ್ತೇಲಿ ಎರ್ತಾ ಅಮ್ಮನ ಲಾಡ್ಜಲ್ಲಿ ಇರ್ತಾರೆ."

ಜುರೆಮಾ ಮೇಲೆ ಹೋಗಿ ಡಬ್ಬಿ ತೆಗೆದುಕೊಂಡು ಹೊರಗೆ ನಡೆದಳು. ಮಳೆ ತುಂತುರಾಗಿ ಬೀಳುತ್ತಿತ್ತು. ದಾರಿಯುದ್ದಕ್ಕೂ ಗಂಡನನ್ನು ಬಯ್ದಳು. ಸುಳ್ಳ, ಕಳ್ಳ, ಕಣ್ಣಿಗೆ ಮಣ್ಣೆರಚಿದವನೇ, ಕ್ಲೇಯ್ಡೆಗೆ ಈಗ ನಾನು ಯಾವ ಮುಖ ತೋರಿಸಲಿ? ಸತ್ತವರ ಜೊತೆ ಜಗಳವಾಡುವುದು ಬಹಳ ಕಷ್ಟ. ಒಂದು ಮಾತೂ ಎದುರಾಡುವುದಿಲ್ಲ. ಹಿಂದಿನ ರಸ್ತೆಯ ತಿರುವು ಬರುವಷ್ಟರಲ್ಲಿ ಅವಳ ಬಯ್ಗುಳವೆಲ್ಲ ತೀರಿಹೋಗಿತ್ತು.

ಲಾಡ್ಜಿನ ಅಂಗಳ ಕೆಸರು. ಬಸ್ಸುಗಳು ಸಾಲಾಗಿ ನಿಂತಿದ್ದವು. ತಗಡಿನ ಚಪ್ಪರದ ಕೆಳಗೆ ಡ್ರೈವರುಗಳು ಕುಳಿತು, ಸೋರೆಬುರುಡೆಯಲ್ಲಿ ಮಾತೆ ಎಂಬ ಎಲೆಯ ಕಷಾಯ ಹೀರುತ್ತ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಒಬ್ಬ ಮುದುಕ ಜುರೆಮಾಳ ಮುಖ ನೋಡಲಿಲ್ಲ, ಕೈಯಲ್ಲಿದ್ದ ಡಬ್ಬಿ ನೋಡಿದ. ನೋಡಿ ಎದ್ದು ನಿಂತ. ತಲೆಯ ಮೇಲಿನ ಟೋಪಿ ತೆಗೆದ.

"ಅದು ಓಸ್ಮಾರನ ಡಬ್ಬಿ," ಎಂದ. ಉಳಿದವರೂ ಎದ್ದರು. "ಅಕ್ಕಾ, ಪಿನ್ಯಾವ್ ಹಾಕಿದ್ದೀರಾ?"

"ಹಾಕಿದೀನಿ," ಎಂದಳು ಜುರೆಮಾ.

ಡಬ್ಬಿ ಖಾಲಿಯಾಗುತ್ತಿದ್ದುದು ಹೇಗೆಂದು ಅವಳಿಗೆ ಆಗ ತಿಳಿಯಿತು. ಓಸ್ಮಾರನ ಬಸ್ಸು ತಿರುವಿನಲ್ಲಿ ಕಂಡರೆ ಸಾಕು, ಎಲ್ಲರೂ ಚಮಚ ಹಿಡಿದು ಕಾಯುತ್ತಿದ್ದರಂತೆ. ಅರಮನೆಯವರಿಗೆ ಅವಳು ಯಾರೋ ಮುದುಕಿ. ಈ ಕೆಸರಿನ ಅಂಗಳದಲ್ಲಿ ಅವಳನ್ನು ತಿಳಿಯದವರೇ ಇರಲಿಲ್ಲ.

ಎರ್ತಾ ಅಮ್ಮ ಓಡಿ ಬಂದಳು, ದಪ್ಪ ಹೆಂಗಸು, ಕೈತುಂಬ ಹಿಟ್ಟು. ಜುರೆಮಾಳನ್ನು ಹೊರಗಿನ ಮೆಟ್ಟಿಲಿನಿಂದ ಚಪ್ಪರದ ಮೇಲಿನ ರೂಮಿಗೆ ಕರೆದುಕೊಂಡು ಹೋದಳು. "ಈ ಕೊನೇ ಮಂಚ ಅವ್ರದು. ಕಿಟಕಿ ಪಕ್ಕದ್ದು. ಬೇರೆ ಯಾವ್ದನ್ನ ಕೊಟ್ರೂ ಒಲ್ಲೆ ಅಂತಿದ್ರು."

ಜುರೆಮಾ ಕಿಟಕಿಯಿಂದ ನೋಡಿದಳು. ಎದುರಿಗೇ ಅರಮನೆ. ಬಾವುಟದ ಗೋಪುರ. ಹುರುಳಿಕಾಳಿನ ಹಾಗೆ ಬಾಗಿದ ಈಜುಕೊಳ, ಅದರಲ್ಲಿ ಹೂವಿನ ಚಡ್ಡಿ ತೊಟ್ಟು ಕೈಕಾಲು ಚಾಚಿ ತೇಲುತ್ತಿರುವ ಜೆನಿಲ್ಸನ್. ಓಸ್ಮಾರ್ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅರಮನೆಯ ಬಗ್ಗೆ ಅವನು ಹೇಳಿದ್ದೆಲ್ಲ ಈ ಮಂಚದಿಂದ ಕಾಣುವಷ್ಟೇ.

"ನಿಜ ಹೇಳ್ಬಾರದಾ ಅಂತ ಒಂದ್ಸಲ ನಾನೂ ಕೇಳ್ದೆ," ಎಂದಳು ಎರ್ತಾ. "'ನಾನು ಅರಮನೇಲಿದ್ದೀನಿ ಅಂತ ಅವಳು ಬೇಲಿ ಹತ್ರ ಹೇಳೋವಾಗ ಮುಖ ನೋಡ್ಬೇಕು ಕಣಮ್ಮ. ಅಲ್ಲಿಂದ ಇಳಿಸಿ ಈ ಮಂಚದ ಮೇಲೆ ಕೂರಿಸೋಕೆ ನನ್ನ ಕೈಲಾಗಲ್ಲ' ಅಂದ್ರು."

ಜುರೆಮಾ ಮಂಚದ ಮೇಲೆ ಮಲಗಿದಳು. ನಡುವೆ ತಗ್ಗು. ತಗ್ಗು ಅವಳನ್ನು ಮೆಲ್ಲಗೆ ಒಳಕ್ಕೆ ತೆಗೆದುಕೊಂಡಿತು. ಅವಳು ಎದ್ದಾಗ ದಿಂಬು ಒದ್ದೆಯಾಗಿತ್ತು.

"ಸೂರು ಸೋರುತ್ತೇನೋ," ಎಂದಳು.

ಎರ್ತಾ ಒಣಗಿದ ಸೂರನ್ನು ನೋಡಿ, "ಹೂಂ, ಸೋರುತ್ತೆ. ಮಾಡಿಸ್ಬೇಕು," ಎಂದಳು. "ಬನ್ನಿ, ಕೇಕು ಬಿಸಿಯಾಗಿದೆ. ಈ ಸಲ ರೂಮೆಲ್ಲ ತುಂಬ್ತಾ ಇತ್ತು. ಪೊಂತಾ ಗ್ರೋಸ್ಸಾದವರೇ ಯಾರೋ ಕೊನೇ ಗಳಿಗೇಲಿ ಬೇಡ ಅಂದ್ಬಿಟ್ರು. ಅವ್ರ ಅತ್ತೆ ಮರ್ಯಾದೆಗೆ ಈ ಲಾಡ್ಜು ತಕ್ಕದ್ದಲ್ವಂತೆ!"

"ಅಂಥಾ ಅತ್ತೆಯರೂ ಇರ್ತಾರಮ್ಮ," ಎಂದಳು ಜುರೆಮಾ, ಕಿಟಕಿಯ ಕಡೆ ತಿರುಗಿ.

ಮೆಟ್ಟಿಲಿಳಿದು, ಕೆಸರು ದಾಟಿ, ತಿಂಡಿಮನೆಯ ಹೊಸ್ತಿಲಲ್ಲಿ ಒಂದು ಕಾಲಿಟ್ಟಿದ್ದಳೋ ಇಲ್ಲವೋ, ಒಳಗಿನಿಂದ ಒಂದು ಧ್ವನಿ ಬಂತು. ಮೊದಲು ಸಣ್ಣದೊಂದು ಕೆಮ್ಮು. ಆಮೇಲೆ:

"ಕಾಲೊರೆಸೋ! ಜುರೆಮಾ ನೋಡ್ತಾಳೆ!"

ಹಿಂದೆ ಬರುತ್ತಿದ್ದ ಡ್ರೈವರುಗಳು ಅಭ್ಯಾಸಬಲದಿಂದ ನಕ್ಕರು. ನಕ್ಕವರು ತಟ್ಟನೆ ಜುರೆಮಾಳ ಕಡೆ ನೋಡಿದರು. ಅದು ಓಸ್ಮಾರನ ಧ್ವನಿ. ಮಾತಾಡುವ ಮೊದಲಿನ ಆ ಕೆಮ್ಮು ಕೂಡ ಅವನದೇ. ಹೆಂಗಸರ ಮುಂದೆ ಹೇಳಬಾರದ ಮಾತು ಇದು. ಕಿಟಕಿಯ ಹತ್ತಿರ ಹಸಿರು ಗಿಳಿ ಕತ್ತು ಓರೆ ಮಾಡಿ ಜುರೆಮಾಳ ಕಾಲನ್ನೇ ನೋಡುತ್ತಿತ್ತು.

ಜುರೆಮಾ ಹಿಂದಕ್ಕೆ ಹೋಗಿ ಗೋಣಿಚೀಲದ ಮೇಲೆ ಬಲಗಾಲು ಒರೆಸಿದಳು, ಎಡಗಾಲು ಒರೆಸಿದಳು. ಒಳಗೆ ಬಂದು ಗಿಳಿಯ ಮುಂದೆ ನಿಂತಳು.

"ಇನ್ನೊಂದ್ಸಲ ಹೇಳು."

ಗಿಳಿ ಸೂರ್ಯಕಾಂತಿ ಬೀಜ ಒಡೆಯುತ್ತ ಕುಳಿತಿತು.

"ಕೇಳಿದ್ರೆ ಹೇಳಲ್ಲ ಅದು," ಎಂದಳು ಎರ್ತಾ. "ಹೊರಗಿಂದ ಯಾರಾದ್ರೂ ಒಳಕ್ಕೆ ಬರ್ಬೇಕು."

ಸಂಜೆಯಾಗುವ ಹೊತ್ತಿಗೆ ಜೆನಿಲ್ಸನ್ ಕೊಡೆ ಹಿಡಿದು, ಹೆಂಡತಿ ಮಗಳನ್ನು ಕಟ್ಟಿಕೊಂಡು, ಅತ್ತೆಯನ್ನು ಊರೆಲ್ಲ ಹುಡುಕಿ ಕೊನೆಗೆ ಅಲ್ಲಿಗೆ ಬಂದ. ಅರಮನೆಯ ಗೋಪುರದಲ್ಲಿ ದೀಪಗಳು ಮೇಲಿನಿಂದ ಕೆಳಕ್ಕೆ ಹೊತ್ತಿಕೊಳ್ಳುತ್ತಿದ್ದವು. ಫ್ರಿಜ್ಜಿನ ಹಣ ಸುರಿದು ಅರಮನೆಯಲ್ಲಿ ರೂಮು ಹಿಡಿಸಿದ ಅತ್ತೆ ಲಾಡ್ಜಿನ ಬಾಗಿಲಿನಿಂದ ಮಳೆಗೆ ಹೊರಗೆ ಬರುತ್ತಿದ್ದಳು, ಒಳಗೆ ಹೋಗುತ್ತಿದ್ದಳು, ಮತ್ತೆ ಹೊರಗೆ ಬರುತ್ತಿದ್ದಳು. ಪ್ರತಿ ಸಲವೂ ಕಾಲೊರೆಸುತ್ತಿದ್ದಳು.

"ಅತ್ತೇ! ಏನ್ ಮಾಡ್ತಿದ್ದೀರಿ ಇಲ್ಲಿ? ಈ ಲಾಡ್ಜು ಬೇಡವೇ ಬೇಡ ಅಂದವ್ರು ನೀವೇ ಅಲ್ವಾ?"

ಎಂದವನು ಅದೇ ಸಿಟ್ಟಿನಲ್ಲಿ ಹೊಸ್ತಿಲ ಮೇಲೆ ಕಾಲಿಟ್ಟ. ಒಳಗಿನಿಂದ ಸಣ್ಣದೊಂದು ಕೆಮ್ಮು ಬಂತು.

"ಕಾಲೊರೆಸೋ! ಜುರೆಮಾ ನೋಡ್ತಾಳೆ!"

ಇವೋನೆ "ಅಪ್ಪಾ" ಎಂದಳು. ಜೆನಿಲ್ಸನ್ ಕೈಯ ಕೊಡೆ ಕೆಳಗೆ ಬಿತ್ತು. ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ತಲೆ ತಗ್ಗಿಸಿ ಕಾಲೊರೆಸಿ ಒಳಗೆ ಬಂದ.

ಜುರೆಮಾ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಅವನ ಪಾದ ನೋಡಿದಳು.

"ಎಡಗಾಲು ಸರಿಯಾಗಿ ಒರೆಸಿಲ್ಲ," ಎಂದಳು. "ಹೊರಗೆ ಹೋಗಿ ಇನ್ನೊಂದ್ಸಲ ಬಾ."