ಒಂಬತ್ತು ಗುಂಡಿನ ರಿವಾಲ್ವರಿಗೊಂದು ಕೈ

ಇನ್ನೂರ ಹದಿನಾಲ್ಕು ಜನರನ್ನು ಕೊಂದ ಕೈಗೆ ಒಂದು ಕಾಫಿ ಲೋಟ ಹಿಡಿಯಲಾಗುತ್ತಿಲ್ಲವೆಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? (ಕೊಂದದ್ದು ಸಿನಿಮಾದಲ್ಲಿ. ಲೋಟ ಬಿದ್ದದ್ದು ಮಾತ್ರ ನಿಜವಾಗಿ, ಹೆಂಡತಿಯ ಕಾಲ ಮೇಲೆ.)

ಅವನು ಸ್ಟುಡಿಯೋದ ಸಾಮಾನು ಕೋಣೆಯ ಉಗ್ರಾಣಿ. ಅವನ ವಶದಲ್ಲಿ ಒಂದು ಪುರಾತನ ರಿವಾಲ್ವರ್ ಇತ್ತು. ಎಲ್ಲ ರಿವಾಲ್ವರುಗಳಂತಲ್ಲ ಅದು. ಸುತ್ತಲೂ ಒಂಬತ್ತು ಗುಂಡಿನ ಮನೆಗಳು, ನಟ್ಟನಡುವೆ ಇನ್ನೊಂದು ದಪ್ಪ ನಳಿಗೆ. ಒಂದೊಂದು ಮನೆಗೂ ಮದ್ದು ಸುರಿದು, ಗುಂಡು ಒತ್ತಿ, ಹಿಂದುಗಡೆ ಕಿಡಿ ಹಾರಿಸಲು ಮೆಣಸಿನಕಾಳಿನಷ್ಟು ತಾಮ್ರದ ಕೇಪು ಕೂರಿಸಬೇಕು. ಕಡಲ್ಗಳ್ಳರ ಚಿತ್ರದಲ್ಲಿ ಅದು ಕಪ್ತಾನನ ಸೊಂಟದಲ್ಲಿತ್ತು, ರಾಜರ ಚಿತ್ರದಲ್ಲಿ ದ್ರೋಹಿ ಮಂತ್ರಿಯ ಅಂಗಿಯೊಳಗಿತ್ತು. ಒಮ್ಮೆ ಬೆಳ್ಳಿ ಬಣ್ಣ ಬಳಿಸಿಕೊಂಡು ಅನ್ಯಗ್ರಹದವರನ್ನೂ ಸಂಹರಿಸಿತ್ತು. ನಾಯಕರಿಗೆ ಕೇಪು ಕೂರಿಸುವಷ್ಟು ತಾಳ್ಮೆ ಎಲ್ಲಿ? ಮುಖ ಅವರದು, ಹತ್ತಿರದಿಂದ ತೋರಿಸುವ ಕೈ ಉಗ್ರಾಣಿಯದು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಈಗ ಡಾಕ್ಟರು, "ಈ ನಡುಕ ಹೋಗೋದಿಲ್ಲ, ಹೆಚ್ಚಾಗ್ತಾನೇ ಹೋಗುತ್ತೆ" ಎಂದುಬಿಟ್ಟಿದ್ದರು. ಶುಕ್ರವಾರ ಶೂಟಿಂಗ್. ನಡುಕ ಕಂಡರೆ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ತಾನು ಯಾರು, ಯಾತಕ್ಕೆ ಬೇಕು ಎಂದು ನೆನೆದೇ ಅವನಿಗೆ ಊಟ ಸೇರುತ್ತಿರಲಿಲ್ಲ.

ರಿವಾಲ್ವರನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ತುಂಬುವ ಅಭ್ಯಾಸ ಶುರುಮಾಡಿದ.

"ಮತ್ತೆ ನನ್ನ ಕಾಫಿಪುಡಿ ಡಬ್ಬಿಗೆ ಕೈ ಹಾಕಿದ್ರಾ?" ಎಂದಳು ಹೆಂಡತಿ.

"ಸಿನಿಮಾಗೆ ನಿಜವಾದ ಮದ್ದು ತುಂಬ್ತಾರೇನೆ?"

"ತುಂಬಿ, ತುಂಬಿ. ಆಮೇಲೆ ಒಳಗೆ ಬೂಷ್ಟು ಹಿಡಿದಾಗ ಬಿಚ್ಚಿ, ಉಜ್ಜಿ, ಜೋಡಿಸಿ, ಸರಿಯಾಗಿದೆಯೋ ಅಂತ ತುಂಬಿ ನೋಡೋಳು ನಾನು!"

ಮೂರು ಕೇಪು ಉರುಳಿ ಬಿದ್ದವು. ನಾಲ್ಕನೆಯದೂ ಬಿದ್ದಾಗ ಅದನ್ನು ಹುಡುಕಲು ಇಬ್ಬರೂ ಮೇಜಿನ ಕೆಳಗೆ ಹೊಕ್ಕರು. ಅಲ್ಲಿ ಅವನು ಅತ್ತುಬಿಟ್ಟ. ಸಮಾಧಾನ ಹೇಳಬೇಕೆಂದು ಅವಳು ಬಾಯಿ ತೆರೆದಳು. ಆದರೆ ಮೂವತ್ತು ವರ್ಷ ಬೈದು ರೂಢಿಯಾದ ಬಾಯಿಗೆ ಬೇರೆ ಮಾತು ಬರಬೇಕಲ್ಲ.

"ಎದ್ದೇಳಿ, ಈಗಷ್ಟೇ ನೆಲ ಒರೆಸಿದೀನಿ" ಎಂದು ಗದರಿ, ತಾನೇ ಕುರ್ಚಿಯಲ್ಲಿ ಕೂತು, ಬಟಾಣಿ ಸುಲಿದಷ್ಟು ಸಲೀಸಾಗಿ ಒಂಬತ್ತಕ್ಕೆ ಒಂಬತ್ತೂ ತುಂಬಿ ಮುಗಿಸಿದಳು.

ಶುಕ್ರವಾರ ಅವನು, "ಕೈ ಉಳುಕಿದೆ ಸಾರ್, ಇವತ್ತೊಂದಿನ ನನ್ನಾಕೆ ಮಾಡ್ತಾಳೆ" ಎಂದು ನಿರ್ದೇಶಕರಿಗೆ ಸುಳ್ಳು ಹೇಳಿದ. ಅವಳ ಕೈಗೆ ಅಂಟು ಹಚ್ಚಿ ಗಂಡಸಿನ ರೋಮ ಅಂಟಿಸಿದ್ದಾಯಿತು. ಒಂದೇ ಟೇಕು. ನಿರ್ದೇಶಕರು ಮಾನಿಟರಿನಿಂದ ಮುಖ ಎತ್ತಲೇ ಇಲ್ಲ.

"ಏನ್ರೀ ಇದು! ಇಷ್ಟು ವರ್ಷದಲ್ಲಿ ಇವತ್ತು ಕೊಲೆಗಾರನ ಕೈ ಥರ ಕಾಣ್ತಿದೆ. ನಿಮ್ಮದು ಗುಮಾಸ್ತನ ಕೈ. ಮುಂದಿನ ಮೂರು ಪಿಕ್ಚರಿಗೂ ಅಮ್ಮನೋರೇ ಬರಲಿ, ಉಗ್ರಾಣಾನೂ ಅವರೇ ನೋಡ್ಕೊಳ್ಳಲಿ. ನೀವು ಮನೇಲಿ ಆರಾಮಾಗಿರಿ."

ಸೋಮವಾರ ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುತ್ತ ಹೇಳಿದಳು:

"ಬರೋದು ಸಂಜೆಯಾಗುತ್ತೆ. ಹಿಟ್ಟು ಜರಡಿ ಹಿಡಿದಿಡಿ."

"ಈ ಕೈಯಲ್ಲಾ?"

"ಆ ಕೈಯಲ್ಲೇ. ನೀವು ಜರಡಿ ಹಿಡ್ಕೊಂಡು ಸುಮ್ನೆ ಕೂತ್ಕೊಳ್ಳಿ, ಮಿಕ್ಕಿದ್ದು ಅದೇ ಮಾಡ್ಕೊಳ್ಳುತ್ತೆ."

ಅವನಿಗೆ ಸಿಟ್ಟು ನೆತ್ತಿಗೇರಿತು. ಅವಳು ಬೀದಿ ತಿರುವು ದಾಟಿದ್ದು ಖಾತ್ರಿಯಾದ ಮೇಲೆ ಜರಡಿ ಹಿಡಿದು ಕೂತ. ಹಿಟ್ಟು ತಾನಾಗಿಯೇ ಇಳಿಯಿತು. ಅಷ್ಟು ನುಣ್ಣಗೆ ಅವಳೂ ಎಂದೂ ಜರಡಿ ಹಿಡಿದಿರಲಿಲ್ಲ. ಅದನ್ನು ಅವಳಿಗೆ ಹೇಳುವುದೋ ಬೇಡವೋ ಎಂದು ಅವನು ಸಂಜೆಯವರೆಗೂ ಯೋಚಿಸಿದ.