ಎತ್ತಿಕೊಂಡ ಮಗುವಿಗೆ ಟಿಕೆಟ್ ಇಲ್ಲ

ಮಡಿಕೇರಿಯ ವಸ್ತುಪ್ರದರ್ಶನದ ಬಾಗಿಲಿಗೆ ಆ ಹಲಗೆಯನ್ನು ತೂಗುಹಾಕದೇ ಇದ್ದಿದ್ದರೆ ಕುಶಾಲಪ್ಪ ಜೇನು ಸೊಸೈಟಿಯ ಡೈರೆಕ್ಟರ್ ಆಗಿಬಿಡುತ್ತಿದ್ದ. ಹಲಗೆಯಲ್ಲಿ ಬರೆದದ್ದು ಇಷ್ಟೇ: ‘ದೊಡ್ಡವರಿಗೆ ಪೂರ್ತಿ ಟಿಕೆಟ್. ನಡೆದು ಬರುವ ಮಕ್ಕಳಿಗೆ ಅರ್ಧ. ಎತ್ತಿಕೊಂಡ ಮಗುವಿಗೆ ಟಿಕೆಟ್ ಇಲ್ಲ.’

ಹಲಗೆ ಬರೆಸಿದ ಕಂಟ್ರಾಕ್ಟರನದೂ ತಪ್ಪಿಲ್ಲ. ಹಿಂದಿನ ವರ್ಷ ಅವನು ‘ಐದು ವರ್ಷದೊಳಗಿನವರಿಗೆ ಉಚಿತ’ ಎಂದು ಬರೆಸಿದ್ದ. ಆ ವರ್ಷ ಕೊಡಗಿನಲ್ಲಿ ಐದು ದಾಟಿದ ಮಗುವೇ ಇರಲಿಲ್ಲ. ಮೀಸೆ ಚಿಗುರಿದವರೂ ಐದರ ಒಳಗೇ ಇದ್ದರು. ವಯಸ್ಸು ಕೇಳಿ ಕೇಳಿ ಬಾಯಿ ಒಣಗಿದ ಮೇಲೆ ಅವನು ಈ ಹೊಸ ಕಾನೂನು ಕಂಡುಹಿಡಿದ.

ಕೊಡಗು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಜೈಂಟ್ ವೀಲ್ ಎಂಬ ರಾಟೆತೊಟ್ಟಿಲು ಕೂಡ ಮೈಸೂರಿನಿಂದಲೇ ಬಂದಿತ್ತು. ಸೇರಿದ್ದರಿಂದ ಕಣ್ಣಿಗೆ ಕಾಣುವ ಹಾಗೆ ಆದ ಲಾಭ ಅದೊಂದೇ ಎಂದು ಸಂತೆಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ಅದನ್ನು ಹತ್ತಿಸುತ್ತೇನೆಂದು ಕುಶಾಲಪ್ಪ ಮಗಳಿಗೆ ಮಾತು ಕೊಟ್ಟಿದ್ದ.

ಮಗಳು ಪ್ರೇಮಾವತಿಗೆ ಏಳು ವರ್ಷ. ಸಂಪಾಜೆಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದವಳು, ರಜೆಗೆಂದು ಅಪ್ಪನ ಮನೆಗೆ ಬಂದಿದ್ದಳು. ಅಜ್ಜಿ ಬಡಿಸುವುದರಲ್ಲಿ ಕೈ ಬಿಗಿ ಹಿಡಿದವಳಲ್ಲ ಎಂಬುದು ಹುಡುಗಿಯನ್ನು ನೋಡಿದರೇ ತಿಳಿಯುತ್ತಿತ್ತು.

ಹಲಗೆ ಓದಿದವನೇ ಕುಶಾಲಪ್ಪ ಮಗಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡ.

“ಎಂತ ಇದು?” ಎಂದಳು ಹೆಂಡತಿ ಯಮುನ.

“ಎತ್ತಿಕೊಂಡ ಮಗುವಿಗೆ ಟಿಕೆಟ್ ಇಲ್ಲೆಂತ ಅವರೇ ಬರೆದುಟ್ಟು. ನಾ ಎತ್ತಿಕೊಂಡೆ. ಇದರಲ್ಲಿ ಸುಳ್ಳು ಎಲ್ಲಿ ಉಟ್ಟು?”

ಸುಳ್ಳಿನ ಮಾತು ಅವನಿಗೆ ಮುಖ್ಯ. ಬರುವ ಭಾನುವಾರ ಸೊಸೈಟಿಯ ಚುನಾವಣೆ. ಎರಡು ಸಲ ನಿಂತು ಎರಡು ಸಲವೂ ಸೋತಿದ್ದ. ಈ ಸಲವೂ ಸೋತರೆ ಇನ್ನು ಸೊಸೈಟಿಯ ಮೆಟ್ಟಿಲು ಹತ್ತುವುದಿಲ್ಲವೆಂದು ಶಪಥ ಮಾಡಿದ್ದ. ಅವನಿಗಿದ್ದ ಬಂಡವಾಳ ಒಂದೇ: ಕುಶಾಲಪ್ಪ ಸುಳ್ಳು ಹೇಳುವವನಲ್ಲ. ಜೇನಿಗೆ ಬೆಲ್ಲದ ಪಾಕ ಬೆರೆಸಿ ತರುವವರ ನಡುವೆ ಅಂಥವನೊಬ್ಬ ಇರಲಿ ಎಂದು ಈ ಸಲ ಜನ ಅವನ ಕಡೆ ವಾಲಿದ್ದರು. ಎದುರಿಗೆ ನಿಂತವನು ನಾಟಿವೈದ್ಯ ಮಾಯಿಲಪ್ಪ. ಅವನ ಎಣ್ಣೆಯಿಂದ ಯಾರಿಗೂ ಗುಣವಾದದ್ದನ್ನು ಕಂಡವರಿರಲಿಲ್ಲವಾದ್ದರಿಂದ ಕುಶಾಲಪ್ಪನಿಗೆ ಅಷ್ಟೇನೂ ಭಯವಿರಲಿಲ್ಲ.

ಗೇಟಿನ ಸಣ್ಣಸ್ವಾಮಿ ಪಿರಿಯಾಪಟ್ಟಣದ ಕಡೆಯವನು. ಹುಡುಗಿಯ ಕಾಲು ಅಪ್ಪನ ಮೊಣಕಾಲಿನ ತನಕ ಜೋತಾಡುತ್ತಿದ್ದುದನ್ನು ನಿಧಾನವಾಗಿ ನೋಡಿದ.

“ಬುಡಿ, ಕಾನೂನು ಕಾನೂನೇಯ. ಆದ್ರೆ ಒಳಗೂ ಎತ್ಕಂಡೇ ಇರ್ಬೇಕು ಸ್ವಾಮಿ. ನೆಲಕ್ಕೆ ಇಳ್ಸುದ್ರೆ ಅರ್ಧ ಟಿಕೆಟ್ಟು. ನಾನು ಅಲ್ಲೇ ಸುತ್ತಾಡ್ತಿರ್ತೀನಿ.”

ರಾಟೆತೊಟ್ಟಿಲು ಇದ್ದದ್ದು ಮೈದಾನದ ಆ ತುದಿಯಲ್ಲಿ. ಕೃಷಿ ಇಲಾಖೆಯ ಕುಂಬಳಕಾಯಿಯ ಹತ್ತಿರ ಬರುವ ಹೊತ್ತಿಗೆ ಕುಶಾಲಪ್ಪನ ಬಲಸೊಂಟ ಸತ್ತಿತ್ತು. ಎಡಕ್ಕೆ ಬದಲಿಸಿದ. ಬಳೆ ಅಂಗಡಿಯ ಹತ್ತಿರ ಎಡವೂ ಸತ್ತಿತು. ಹೆಗಲಿಗೇರಿಸಿದ. ಹಿಂದೆ ತಿರುಗಿದಾಗಲೆಲ್ಲ ಸಣ್ಣಸ್ವಾಮಿ ಒಂದು ಕೈಯಲ್ಲಿ ಟಿಕೆಟ್ ಪುಸ್ತಕ, ಇನ್ನೊಂದರಲ್ಲಿ ಕಡಲೆಕಾಯಿ ಹಿಡಿದು ನಿಂತಿರುತ್ತಿದ್ದ.

“ಅಪ್ಪ, ನಾ ನಡೀತೆ,” ಎಂದಳು ಪ್ರೇಮ.

“ಬಾಯಿ ಮುಚ್ಚಿಕೊಂಡು ಕೂರು. ತೊಟ್ಟಿಲು ಹತ್ತಿಸುದಿಲ್ಲೆ ಮತ್ತೆ.”

“ಅರ್ಧ ಟಿಕೆಟ್ ತಕಂಡರೆ ನಿಮ್ಮ ಬೆನ್ನು ಪೂರ್ತಿ ಉಳಿಯುತ್ತೆ,” ಎಂದಳು ಯಮುನ. ಇಷ್ಟು ದೂರ ಹೊತ್ತ ಮೇಲೆ ಈಗ ಟಿಕೆಟ್ ಕೊಂಡರೆ ಹೊತ್ತದ್ದೆಲ್ಲ ದಂಡ ಎಂದು ಕುಶಾಲಪ್ಪನಿಗೆ ಅನ್ನಿಸಿತು. ಹಟಮಾರಿ ಮನುಷ್ಯ.

ಅಷ್ಟರಲ್ಲಿ ದೇರಪ್ಪ ಎದುರಾದ. ಸೊಸೈಟಿಯ ಹಿರಿಯ, ಅವನು ಕೈ ಎತ್ತಿದ ಕಡೆಗೆ ಅರ್ಧ ಸಭೆ ಕೈ ಎತ್ತುತ್ತಿತ್ತು. ಜೊತೆಗೆ ಅವನ ಅಕ್ಕ ಬೊಳ್ಳಮ್ಮ.

“ಎಂತ ಕುಶಾಲಪ್ಪ, ಇಷ್ಟು ದೊಡ್ಡ ಕೂಸನ್ನ ಹೊತ್ತುಕೊಂಡಿದ್ದಿಯ?”

ಬೆನ್ನ ಹಿಂದೆ ಸಣ್ಣಸ್ವಾಮಿ ಕಡಲೆಕಾಯಿ ಒಡೆಯುವ ಸದ್ದು ಕೇಳಿಸಿತು. ಸೊಸೈಟಿಗೆ ನಿಂತವನು ಅರ್ಧ ಟಿಕೆಟ್ ಉಳಿಸಲು ಮಗಳನ್ನು ಹೊತ್ತು ತಿರುಗುತ್ತಿದ್ದಾನೆಂದು ದೇರಪ್ಪನ ಮುಂದೆ ಹೇಳುವುದು ಹೇಗೆ? ಸುಳ್ಳಿನ ಅಭ್ಯಾಸ ಇದ್ದವನಾಗಿದ್ದರೆ ಮುಳ್ಳು ಚುಚ್ಚಿದೆ ಎಂದು ಮುಗಿಸುತ್ತಿದ್ದ. ಅಭ್ಯಾಸ ಇಲ್ಲದ ಕುಶಾಲಪ್ಪ ಕೈಗೆ ಸಿಕ್ಕ ದೊಡ್ಡದನ್ನೇ ಎಳೆದು ಹಾಕಿದ.

“ಕೂಸಿನ ಕಾಲಲ್ಲಿ ಬಲ ಇಲ್ಲೆ ದೇರಪ್ಪಣ್ಣ. ನಡೆಯಕೆ ಆಗುದಿಲ್ಲೆ.”

ಬೊಳ್ಳಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು. “ಅಯ್ಯೋ ಪಾಪ. ಅದಕ್ಕೇ ಸಂಪಾಜೆಲಿ ಬಿಟ್ಟಿದ್ದದು. ಒಬ್ಬರ ಹತ್ರನೂ ಹೇಳ್ಲೆ ನೋಡು ಇವ.”

ಬೊಳ್ಳಮ್ಮನಿಗೆ ಗೊತ್ತಾದದ್ದು ಮೈದಾನಕ್ಕೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಬ್ಬಳು ಬಂದು ಹರಕೆ ಹೇಳಿದಳು. ಒಬ್ಬ ಮಂಗಳೂರಿನ ಡಾಕ್ಟರ ವಿಳಾಸ ಹೇಳಿದ. ಇನ್ನೊಬ್ಬಳು ಪ್ರೇಮಳ ಕೈಗೆ ಒಂದು ಉಂಡೆ ಇಟ್ಟು ಹೋದಳು. ಜೇನುಪೆಟ್ಟಿಗೆಯ ಮಳಿಗೆಯ ಹತ್ತಿರ ಬರುವಾಗ ಹುಡುಗಿ ಹುಟ್ಟಿದಂದಿನಿಂದ ನೆಲಕ್ಕೆ ಕಾಲೇ ಇಟ್ಟಿಲ್ಲವೆಂದು ಆಗಿತ್ತು. ಹಾಗೂ ಇರುತ್ತದೆಯೇ ಎಂದು ಯಾರೋ ಅನುಮಾನಪಟ್ಟರೆ, “ಹೇಳಿದ್ದು ಯಾರು? ಕುಶಾಲಪ್ಪ,” ಎಂದು ಇನ್ಯಾರೋ ಬಾಯಿ ಮುಚ್ಚಿಸಿದರು.

ಉಂಡೆಗಳು ಬರುತ್ತಲೇ ಇದ್ದುದರಿಂದ ಪ್ರೇಮ ನಡೆಯುವ ಮಾತನ್ನು ಬಿಟ್ಟಿದ್ದಳು.

“ಈಗಲಾದರೂ ನಿಜ ಹೇಳಿ,” ಯಮುನ ಪಿಸುಗುಟ್ಟಿದಳು.

“ಭಾನುವಾರ ಕಳೀಲಿ.”

ದೇರಪ್ಪ ಸುಮ್ಮನಿರುವ ಪೈಕಿಯವನಲ್ಲ. “ಮಾಯಿಲಪ್ಪ ಇಲ್ಲೇ ಅಂಗಡಿ ಹಾಕಿ ಕೂತಿದ್ದಾನೆ. ಓಟು ಬೇರೆ, ಔಷಧಿ ಬೇರೆ. ತೋರ್ಸಿದರೆ ಎಂತ ನಷ್ಟ?” ಎಂದು ಕುಶಾಲಪ್ಪನ ರಟ್ಟೆ ಹಿಡಿದು ನಡೆಸಿದ. ಹಿಂದೆ ಜನ, ಜನರ ಹಿಂದೆ ಸಣ್ಣಸ್ವಾಮಿ.

ಮಾಯಿಲಪ್ಪ ಬಾಟಲಿಗಳ ಹಿಂದಿನಿಂದ ಎದ್ದು ಬಂದ. ಪ್ರೇಮಳನ್ನು ನೋಡಿದ. ಪ್ರೇಮಳೂ ಅವನನ್ನು ನೋಡಿ ನಕ್ಕಳು. ಅವನು ಏನೋ ಹೇಳಲು ಹೋಗಿ ನಿಲ್ಲಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದ:

“ಕುಶಾಲಪ್ಪ, ನಿಮ್ಮ ಬಾಯಿಂದಲೇ ಹೇಳಿ. ಕೂಸು ನಡೆಯುದಿಲ್ಲೆಯಾ?”

ಒಂದು ಕಡೆ ದೇರಪ್ಪ, ಇನ್ನೊಂದು ಕಡೆ ಟಿಕೆಟ್ ಪುಸ್ತಕ. ಕುಶಾಲಪ್ಪ, “ಇಲ್ಲೆ,” ಎಂದ.

ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿದರು. ಮಾಯಿಲಪ್ಪ ಅವಸರವಿಲ್ಲದೆ ಒಂದು ಬಾಟಲಿಯ ಬಿರಡೆ ತೆಗೆದ. ಕೊಳೆತ ಮೀನಿಗೆ ಬೆಳ್ಳುಳ್ಳಿ ಅರೆದು ಹಾಕಿದಂಥ ವಾಸನೆಗೆ ಮುಂದಿನ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಮಂಡಿಯಿಂದ ಹಿಮ್ಮಡಿಯ ತನಕ ತಿಕ್ಕಿದ. ಪ್ರೇಮಳ ಕಾಲು ಉರಿಯತೊಡಗಿತು. ಅದೇ ಹೊತ್ತಿಗೆ ಮೈದಾನದ ತುದಿಯಲ್ಲಿ ಗಂಟೆ ಬಾರಿಸಿ ರಾಟೆತೊಟ್ಟಿಲು ತಿರುಗಲು ಶುರುವಾಯಿತು.

ಅವಳು ಬೆಂಚಿನಿಂದ ಹಾರಿ ಓಡಿದಳು. ಎರಡು ಗೂಟ, ಒಂದು ಹಗ್ಗ, ಕೂತಿದ್ದ ಒಬ್ಬ ಅಜ್ಜ, ಎಲ್ಲವನ್ನೂ ದಾಟಿದಳು.

ಬೊಳ್ಳಮ್ಮ ಮಾಯಿಲಪ್ಪನ ಕಾಲಿಗೆ ಬಿದ್ದಳು. ಬಾಟಲಿಗಳಿಗಾಗಿ ನೂಕುನುಗ್ಗಲಾಯಿತು. ದೇರಪ್ಪ ಬಳೆ ಅಂಗಡಿಯಿಂದ ಒಂದು ಕಾಗದದ ಹಾರ ತರಿಸಿ ಕುಶಾಲಪ್ಪನ ಕೈಗೆ ಕೊಟ್ಟ. “ಹೆತ್ತವ ನೀನು. ನೀನೇ ಹಾಕು.”

ಕುಶಾಲಪ್ಪ ಹಾರ ಹಿಡಿದು ನಿಂತ. ಬಾಯಿ ತೆರೆದರೆ ಸುಳ್ಳುಗಾರ, ಮುಚ್ಚಿದರೆ ಸೋತವ. ಬದುಕಿನಲ್ಲಿ ಮೊದಲ ಸಲ ಹೇಳಿದ ಸುಳ್ಳು ಇಷ್ಟು ಬೇಗ ಕಾಯಿ ಬಿಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಅವನ ಕಣ್ಣಲ್ಲಿ ನೀರು ಬಂತು. ಜನ ಅದನ್ನು ಆನಂದಬಾಷ್ಪವೆಂದು ತಿಳಿದು ಮತ್ತಷ್ಟು ಚಪ್ಪಾಳೆ ತಟ್ಟಿದರು. ಅವನು ಮಾಯಿಲಪ್ಪನ ಕೊರಳಿಗೆ ಹಾರ ಹಾಕಿದ.

ಸಣ್ಣಸ್ವಾಮಿ ಗುಂಪು ಸರಿಸಿಕೊಂಡು ಹತ್ತಿರ ಬಂದ. ಅವನ ಕಣ್ಣೂ ತೇವವಾಗಿತ್ತು. “ದೇವ್ರು ದೊಡ್ಡೋನು ಸ್ವಾಮಿ. ಈಗ ನಡೀತೈತಲ್ಲ, ಒಂದು ಅರ್ಧ ಟಿಕೆಟ್ಟು,” ಎಂದು ಹರಿದು ಕೊಟ್ಟ.

ಜನ ಕರಗಿದ ಮೇಲೆ, ರಾಟೆತೊಟ್ಟಿಲಿನ ಕೆಳಗೆ ಮಾಯಿಲಪ್ಪ ಬಂದು ಕುಶಾಲಪ್ಪನ ಪಕ್ಕ ನಿಂತ. ಮೇಲೆ ಪ್ರೇಮ ಕಿರುಚುತ್ತಿದ್ದಳು.

“ಹೋದ ತಿಂಗಳು ಸಂಪಾಜೆಲಿ ನಿಮ್ಮ ಅತ್ತೆಯವರ ಸೊಂಟನೋವಿಗೆ ಹೋಗಿದ್ದೆ. ಆಗ ಈ ಕೂಸು ಹಲಸಿನ ಮರದ ತುದಿಲಿ ಇತ್ತು,” ಎಂದ.

ಕುಶಾಲಪ್ಪ ಅವನ ಮುಖ ನೋಡಿದ. “ಗೊತ್ತಿದ್ದೂ ಎಣ್ಣೆ ತಿಕ್ಕಿದಿರಾ?”

“ನಾ ಕಣ್ಣಾರೆ ಕಂಡದ್ದು ಒಂದು. ಕುಶಾಲಪ್ಪ ಹೇಳಿದ್ದು ಇನ್ನೊಂದು. ಜನ ಯಾವುದನ್ನ ನಂಬುತ್ತಾರೆ ಹೇಳಿ? ನನ್ನ ಎಣ್ಣೆಗೆ ಇಷ್ಟು ವರ್ಷ ಒಂದು ಸಾಕ್ಷಿ ಸಿಕ್ಕಿರ್ಲೆ. ಸಿಕ್ಕಿದರೆ ನಿಮ್ಮಂಥ ಸಾಕ್ಷಿಯೇ ಸಿಕ್ಕಬೇಕು.”

ಭಾನುವಾರ ಸಭೆ ನಡೆಯಿತು. ಆ ಸೊಸೈಟಿಯಲ್ಲಿ ಚೀಟಿಯಿಲ್ಲ, ಕೈ ಎತ್ತುವುದೇ ಪದ್ಧತಿ. ಮಾಯಿಲಪ್ಪನ ಹೆಸರು ಕೂಗಿದಾಗ ಇಡೀ ಸಭೆ ಕೈ ಎತ್ತಿ, ಆಮೇಲೆ ಕುಶಾಲಪ್ಪನ ಕಡೆ ತಿರುಗಿ ಕಾದಿತು. ಮಗಳಿಗೆ ಕಾಲು ಕೊಟ್ಟವನಿಗೆ ಕೈ ಎತ್ತದೆ ಇರುವುದುಂಟೇ? ಕುಶಾಲಪ್ಪನೂ ಎತ್ತಿದ. ಕುಶಾಲಪ್ಪನ ಹೆಸರಿಗೆ ಬಿದ್ದದ್ದು ಒಂದೇ ಓಟು. ಅದು ಮಾಯಿಲಪ್ಪನದು.